ಶರಣು ಎಂದ ಸೀಟು

ಮನುಷ್ಯರನ್ನು ಅಲುಗಾಡದಂತೆ ಕೂರಿಸುವ ವಿದ್ಯೆಯಲ್ಲಿ ಇಡೀ ಆಳಂದ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಬಸ್ ಸ್ಟ್ಯಾಂಡಿನ ಎದುರಿಗಿರುವ ನನ್ನ ಫೋಟೋ ಸ್ಟುಡಿಯೋದಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಪಿಂಚಣಿಯವರವರೆಗೆ ಎಲ್ಲರೂ "ಅಲುಗಾಡಬ್ಯಾಡ್ರಿ" ಎಂಬ ನನ್ನ ಒಂದೇ ಮಾತಿಗೆ ಕಲ್ಲಾಗುತ್ತಾರೆ. ಇಂಥ ನಾನು ಸ್ವತಃ ಸ್ವಲ್ಪ ಹೊತ್ತು ಅಲುಗಾಡದೆ ಕೂರಲಾರೆನೇ? ಖಂಡಿತ ಕೂರಬಲ್ಲೆ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದಲ್ಲಿ ಮಾವನವರನ್ನು ಹಿಡಿದಿರಲಿಲ್ಲ!

ಇದೆಲ್ಲ ಶುರುವಾದದ್ದು ಜೇವರ್ಗಿಯಲ್ಲಿ. ಅಲ್ಲಿ ಊರ ಹೊರಗೆ ಹೊಸ ಲೇಔಟ್ ಮಾಡಲು ಮುರುಮು ಮಣ್ಣು ಹಾಕಿ ಒಂದು ಬಯಲನ್ನು ಸಪಾಟು ಮಾಡಿದ್ದಾರೆ. ಮನೆ ಕಟ್ಟುವವರು ಇನ್ನೂ ಬಂದಿಲ್ಲವಾದ್ದರಿಂದ ಕಾರಿನ ಹುಚ್ಚಿರುವ ಕೆಲವರು ಸೇರಿ ಅಲ್ಲಿ ಹವ್ಯಾಸಿಗಳ ಕಾರ್ ರೇಸ್ ನಡೆಸುತ್ತಾರೆ. ಸಲಕ್ಕೆ ಒಂದೇ ಕಾರು. ಕೆಂಪು ಪ್ಲಾಸ್ಟಿಕ್ ಕೋನ್‌ಗಳ ನಡುವೆ, ಒಂದನ್ನೂ ಬೀಳಿಸದಂತೆ ಸುತ್ತಿ ಬರಬೇಕು. ಬೇಗ ಬಂದವರು ಗೆದ್ದಂತೆ. ಒಮ್ಮೆ ಅದರ ಫೋಟೋ ತೆಗೆಯಲು ಹೋಗಿದ್ದ ನಾನು ಒಂದು ಕಾರಿನೊಳಗೆ ಇಣುಕಿ ನೋಡಿ ಅಲ್ಲೇ ನಿಂತುಬಿಟ್ಟೆ. ಅದರ ಸೀಟಿನಲ್ಲಿ ಒಬ್ಬ ಮನುಷ್ಯನ ಅಚ್ಚು ಮೂಡಿತ್ತು. ಭುಜ, ಬೆನ್ನು, ಸೊಂಟ, ಎಲ್ಲ ಸಾಂಗವಾಗಿ. ಓಡಿಸುವವನ ಮೈಗೆ ತಕ್ಕಂತೆ ಫೋಮು ಹೊಯ್ದು ಮಾಡಿದ ಸೀಟಂತೆ! ತಿರುವಿನಲ್ಲಿ ದೇಹ ಅತ್ತಿತ್ತ ಜಾರುವುದಿಲ್ಲವಂತೆ.

ಇನ್ನೊಬ್ಬರ ಮುಖದ ಫೋಟೋ ತೆಗೆಯುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನನ್ನ ಸ್ವಂತ ಬೆನ್ನು ಹೇಗಿದೆ ಎಂದು ನಾನೇ ನೋಡಿಲ್ಲ. ಅದನ್ನು ನೋಡಬೇಕು, ಆ ಅಚ್ಚಿನಲ್ಲಿ ಕೂತು ಒಂದೇ ಒಂದು ಸುತ್ತು ಹೊಡೆಯಬೇಕು ಎಂಬ ಆಸೆ ನನ್ನನ್ನು ಹೊಕ್ಕಿತು. ಹೊಕ್ಕದ್ದು ಹೊರಗೆ ಬರಲಿಲ್ಲ.

ಆದರೆ ನನ್ನ ಹತ್ತಿರ ಕಾರಿರಲಿಲ್ಲ. ಹೆಂಡತಿಯ ಹತ್ತಿರ ಇತ್ತು! ಗಿರಿಜಾ ಹಿರೋಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಅವಳಿಗೆ ನೌಕರಿ ಸಿಕ್ಕಾಗ ಅವಳಪ್ಪ ಕೊಡಿಸಿದ ಹಳೆಯ ಸಣ್ಣ ಕಾರಿನಲ್ಲಿ ದಿನಾ ಹೋಗಿ ಬರುತ್ತಾಳೆ.

"ಕಾರು ಹಗುರ ಮಾಡಬೇಕು ಗಿರಿಜಾ. ಹಗುರಿದ್ದಷ್ಟು ಜೋರ ಓಡತದ," ಎಂದು ನಾನು ವಿಜ್ಞಾನ ವಿವರಿಸಿದೆ.

"ಹಂಗಿದ್ರ ನೀವು ಕೆಳಗ ಇಳೀರಿ. ಅರ್ಧಾ ಹಗುರಾಗತದ," ಎಂದಳು ಅವಳು, ನನ್ನ ಹೊಟ್ಟೆಯ ಕಡೆ ನೋಡಿ.

ಮೂರು ದಿನ ಪಾತ್ರೆ ತೊಳೆದ ಮೇಲೆ ಒಪ್ಪಿಗೆ ಸಿಕ್ಕಿತು. ಒಂದು ಷರತ್ತು ಇತ್ತು. "ಐತವಾರ ನಿಮ್ಮ ರೇಸ್ ಮುಗಸ್ಕೋರಿ. ಸೋಮವಾರ ಮುಂಜಾನಿ ನಾ ಸಾಲಿಗೆ ಹೋಗೂ ಹೊತ್ತಿಗೆ ನನ್ನ ಕಾರು ಈಗ ಹ್ಯಾಂಗದ, ಹಂಗ ಇರಬೇಕು. ಒಂದು ಬೋಲ್ಟ್ ಕಮ್ಮಿ ಆಗಿರಬಾರದು."

"ಒಂದು ಬೋಲ್ಟ್ ಏನ ಬಂತು, ಒಂದು ಧೂಳಿನ ಕಣ ಕಮ್ಮಿ ಆಗಂಗಿಲ್ಲ," ಎಂದು ವಚನ ಕೊಟ್ಟೆ. ಕೊಟ್ಟವನೇ ಸ್ಟುಡಿಯೋಕ್ಕೆ ಓಡಿ, ಹೆಲ್ಮೆಟ್ಟು ಬಗಲಲ್ಲಿ ಹಿಡಿದ ನನ್ನದೇ ಫೋಟೋ ಹಾಕಿ, "ರೇಸ್ ವೀರನಿಗೆ ಹಾರ್ದಿಕ ಶುಭಾಶಯಗಳು, ಕೋರುವವರು: ಗೆಳೆಯರ ಬಳಗ" ಎಂದು ಒಂದು ಫ್ಲೆಕ್ಸ್ ಮಾಡಿಸಿ ಬಾಗಿಲ ಮೇಲೆ ಕಟ್ಟಿದೆ. ಬಳಗದಲ್ಲಿ ಇದ್ದವರು ನಾನು ಮತ್ತು ರಫೀಕ್!

ರಫೀಕನದು ನನ್ನ ಪಕ್ಕದ ಅಂಗಡಿ. ಟ್ರ್ಯಾಕ್ಟರು, ಬೈಕುಗಳ ಸೀಟು ಹೊಲಿಯುತ್ತಾನೆ. ಏನನ್ನಾದರೂ ಮಾಡಬಹುದೇ ಎಂದು ಕೇಳಿದರೆ ಅವನ ಬಾಯಲ್ಲಿ ಬರುವುದು ಒಂದೇ ಉತ್ತರ: "ಮಾಡಿ ನೋಡೂಣು." ನನಗೂ ಬೇಕಾದದ್ದು ಅದೇ ಉತ್ತರ. ಶಾಲೆಗೆ ರಜೆಯಿದ್ದ ಆ ಶನಿವಾರ ನಮ್ಮ ಮನೆಯ ಅಂಗಳದಲ್ಲಿ ಇಬ್ಬರೂ ಕಾರನ್ನು ಬಿಚ್ಚತೊಡಗಿದೆವು. ಹಿಂದಿನ ಸೀಟು ಬಂತು. ಪಕ್ಕದ ಸೀಟು ಬಂತು. ಓಡಿಸುವವರ ಸೀಟೂ ಬಂತು. ನೆಲದ ಹಾಸು, ಬಾಗಿಲ ಒಳಗಿನ ರಟ್ಟು, ಸ್ಪೀಕರು ಎಲ್ಲ ಬಂದವು. ಹಾಸಿನ ಕೆಳಗೆ ಸೀಮೆಸುಣ್ಣದ ತುಂಡುಗಳು, ಶೇಂಗಾ ಸಿಪ್ಪೆ, ನಾನು ಊರೆಲ್ಲ ಹುಡುಕಿದ್ದ ಕ್ಯಾಮೆರಾದ ಮುಚ್ಚಳ ಸಿಕ್ಕವು. ಕಾರಿನೊಳಗೆ ಇನ್ನೇನೇನಿದೆ ಎಂಬ ಕುತೂಹಲಕ್ಕೆ ಬೇಡದ್ದನ್ನೂ ಬಿಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಒಂದು ಕಾರಿನಷ್ಟು ಸಾಮಾನು, ಕಾರಿನಲ್ಲಿ ಸ್ಟೇರಿಂಗು ಮಾತ್ರ ಉಳಿದವು.

ಇನ್ನು ಸೀಟು. ರಫೀಕ್ ಎಲ್ಲಿಂದಲೋ ಕಬ್ಬಿಣದ ಒಂದು ಸೀಟಿನ ಚೌಕಟ್ಟು ತಂದು ಬೋಲ್ಟ್ ಬಿಗಿದ. ಅದರ ಮೇಲೆ ಜೋಳ ತುಂಬುವ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿದ. ಅವನ ಹತ್ತಿರ ಎರಡು ಡಬ್ಬಿ ದ್ರವ ಇದ್ದವು. ಎರಡನ್ನೂ ಕೂಡಿಸಿದರೆ ಉಬ್ಬಿ ಉಬ್ಬಿ ಫೋಮು ಆಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಚೀಲದೊಳಗೆ ಅದನ್ನು ಹೊಯ್ದು, ಮೇಲೆ ನಾನು ರೇಸಿನಲ್ಲಿ ಕೂರುವಂತೆಯೇ ಕೂತರೆ ನನ್ನ ಮೈಯ ಅಚ್ಚು ಬರುತ್ತದೆ.

"ಹೆಲ್ಮೆಟ್ ಹಾಕ್ಕೊಂಡು, ಸ್ಟೇರಿಂಗ್ ಹಿಡದು, ನೆಟ್ಟಗ ಕೂಡ್ರಿ ಬಸಣ್ಣ. ಗಟ್ಟಿ ಆಗೂ ತನಕ ಹಂದಾಡಬ್ಯಾಡ್ರಿ. ಹಂದಾಡಿದ್ರಿ ಅಂದ್ರ ಖಲಾಸ್," ಎಂದ ರಫೀಕ್.

"ಹಂದಾಡದಂಗ ಕೂಡೂದು ನನಗ ಕಲಸ್ತಿಯೇನೋ?" ಎಂದು ನಕ್ಕು ಕೂತೆ.

"ಜರಾ ಕಮ್ಮಿ ಬೀಳತದೇನೋ," ಎನ್ನುತ್ತ ಅವನು ಎರಡೂ ಡಬ್ಬಿ ಪೂರಾ ಸುರಿದ. ಕೆಳಗಿನಿಂದ ಬುಸ್ಸೆಂಬ ಸದ್ದು ಬಂತು. ತಳ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ಯಾರೋ ನನ್ನನ್ನು ಹಿಂದಿನಿಂದ ಮೆಲ್ಲಗೆ ಅಪ್ಪಿಕೊಳ್ಳುತ್ತಿರುವಂತೆ ಫೋಮು ಸೊಂಟ ಏರಿತು. ಆಹಾ, ಎಂಥ ಅನುಭವ! ನಾನು ಬುದ್ಧನಂತೆ ಕಣ್ಣು ಅರೆ ಮುಚ್ಚಿದ್ದೆ.

ಆಗ ಅಂಗಳದಲ್ಲಿ ಒಂದು ಜೀಪು ಬಂದು ನಿಂತಿತು. ಕರಜಗಿಯಿಂದ ಮಾವನವರು!

ನಮ್ಮ ಮಾವ ಶರಣಪ್ಪನವರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅವರಿಗೆ ಯಾರಾದರೂ ಶರಣು ಎಂದರೆ, ಚಿಕ್ಕವರು ದೊಡ್ಡವರು ಎಂದು ನೋಡದೆ ಅವರೂ ಕೈ ಮುಗಿದು, ಬಾಗಿ, "ಶರಣು ಶರಣಾರ್ಥಿ" ಎನ್ನುತ್ತಾರೆ. ಎದುರಿನವರಿಗಿಂತ ಒಂದು ಗೇಣು ಹೆಚ್ಚೇ ಬಾಗುತ್ತಾರೆ. ಹಿರಿಯರು ನಮಗಿಂತ ಹೆಚ್ಚು ಬಾಗಿದರೆ ನಮಗೆ ಸಂಕಟ. ಆದ್ದರಿಂದ ನಾವು ಇನ್ನಷ್ಟು ಬಾಗಬೇಕು. ಅದನ್ನು ನೋಡಿ ಅವರು ಮತ್ತಷ್ಟು! ನಮ್ಮ ಮದುವೆಯಲ್ಲಿ ನಾವಿಬ್ಬರೂ ಹೀಗೆ ಬಾಗುತ್ತ ಹೋಗಿ ಅಕ್ಷತೆಗೆ ತಡವಾಗಿತ್ತು.

ಮಾವನವರು ಅಂಗಳದಲ್ಲಿ ಹರಡಿದ್ದ ಸಾಮಾನಿನ ನಡುವೆ ದಾರಿ ಮಾಡಿಕೊಂಡು ಬಂದರು. "ಗಿರಿಜಾ ಫೋನ್ ಮಾಡಿದ್ಳು, ನಿನ್ನ ಅಳಿಯ ಕಾರು ಬಿಚ್ಚಾಕತ್ತಾರ ಅಂತ. ಹ್ಯಾಂಗ ಬಿಚ್ಚತಾರ ನೋಡೂಣಂತ ಬಂದೆ," ಎಂದವರು ಸುತ್ತ ನೋಡಿ ಕೇಳಿದರು: "ಕಾರು ಎಲ್ಲದರಿ ಅಳಿಯಂದ್ರ?"

ನಾನು ಅದರೊಳಗೇ ಕೂತಿದ್ದೆ!

ಅವರೇ ಮಗಳಿಗೆ ಕೊಡಿಸಿದ ಕಾರು. ಅದರ ಕರುಳೆಲ್ಲ ಅವರ ಕಾಲ ಬಳಿ ಬಿದ್ದಿತ್ತು. ಹಿರಿಯರು ನಿಂತಿರುವಾಗ ಅಳಿಯ ಹೆಲ್ಮೆಟ್ಟು ಹಾಕಿಕೊಂಡು ದೊರೆಯಂತೆ ಕೂತಿರುವುದೇ? ಮೈಯೆಲ್ಲ ತಾನಾಗಿಯೇ ಮುಂದೆ ಬಂತು. ಬಲಗಡೆಯ ತೆರೆದ ಬಾಗಿಲ ಕಡೆ ವಾಲಿ, ತಲೆ ತಗ್ಗಿಸಿ, ಸಾಮಾನ್ಯಕ್ಕಿಂತ ಆಳವಾಗಿ "ಶರಣ್ರಿ ಮಾವಾರ!" ಎಂದೆ.

"ಶರಣು ಶರಣಾರ್ಥಿ!" ಎಂದು ಮಾವನವರು ಬಾಗಿದರು. ನಾನು ಇನ್ನಷ್ಟು ಬಾಗಿದೆ. ಅವರು ಮತ್ತಷ್ಟು ಬಾಗಿ, ವಯಸ್ಸಿನ ದೆಸೆಯಿಂದ ಕೂಡಲೇ ನೆಟ್ಟಗಾಗಲಾರದೆ, ಬಾಗಿಲು ಹಿಡಿದು ಹಾಗೇ ನಿಂತರು. ಅವರು ಏಳದೆ ನಾನು ಹೇಗೆ ಏಳಲಿ?

"ಯಾ ಅಲ್ಲಾ! ಬಸಣ್ಣ, ಹಿಂದ ಸರೀರಿ!" ಎಂದು ರಫೀಕ್ ಕೂಗಿದ. ನಾನು ಹಿಂದೆ ಸರಿಯಲು ನೋಡಿದೆ. ಹಿಂದೆ ಜಾಗವೇ ಇರಲಿಲ್ಲ. ನಾನು ಬಿಟ್ಟ ಜಾಗವನ್ನೆಲ್ಲ ಫೋಮು ತುಂಬಿತ್ತು. ಗಟ್ಟಿಯಾಗಿತ್ತು ಕೂಡ!

ಮಾವ, ರಫೀಕ್, ಕೂಗು ಕೇಳಿ ಒಳಗಿನಿಂದ ಓಡಿಬಂದ ಗಿರಿಜಾ ಮೂವರೂ ಕೈ ಕಾಲು ಹಿಡಿದು ಎಳೆದು ನನ್ನನ್ನು ಹೊರಗೆ ತೆಗೆದರು. ಗಿರಿಜಾ ಎಳೆದದ್ದಕ್ಕಿಂತ ನಕ್ಕದ್ದು ಹೆಚ್ಚು. ಆಮೇಲೆ ನಾನು ಕುತೂಹಲದಿಂದ ನನ್ನ ಅಚ್ಚನ್ನು ನೋಡಿದೆ. ಅದೊಂದು ಬಲಕ್ಕೆ ವಾಲಿ, ಬೆನ್ನು ಬಗ್ಗಿಸಿ, ಯಾರಿಗೋ ನಮಸ್ಕರಿಸುತ್ತಿದ್ದ ಮನುಷ್ಯನ ಅಚ್ಚು!

ದ್ರವ ಮುಗಿದಿತ್ತು. ಬೆಳಗಾದರೆ ರೇಸು. ರಫೀಕ್ ಗಡ್ಡ ಕೆರೆದುಕೊಂಡು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. "ಫಿಕರ್ ಮಾಡಬ್ಯಾಡ್ರಿ. ನೋಡ್ರಿ ಇಲ್ಲಿ, ರೇಸಿನವ್ರು ಹಿಂಗ ಬಗ್ಗೇ ಇರ್ತಾರ. ಗಾಳಿ ಮ್ಯಾಲಿಂದ ಹಾದು ಹೋಗತದ."

ಸಮಾಧಾನವಾಯಿತು. ಚಿತ್ರದಲ್ಲಿ ಇದ್ದದ್ದು ಮೋಟಾರ್ ಸೈಕಲ್ ಎಂಬುದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ.

ಭಾನುವಾರ ಮುಂಜಾನೆ ಕಾರಿನ ಮೂಲ ಸೀಟನ್ನು ಮನೆಯಲ್ಲೇ ಬಿಟ್ಟು, ಬಾಗಿದ ಭಂಗಿಯಲ್ಲೇ ಜೇವರ್ಗಿಗೆ ಹೊರಟೆ. ಉಳಿದವರು ಮಾವನವರ ಜೀಪಿನಲ್ಲಿ ಹಿಂದೆ ಬಂದರು. ಪ್ರತಿ ರೋಡ್ ಹಂಪಿಗೂ ನನ್ನ ಹೆಲ್ಮೆಟ್ಟು ಹಾರ್ನಿಗೆ ಬಡಿಯುತ್ತಿತ್ತು. ಹಾರ್ನ್ ಕೇಳಿ ಜನ ತಿರುಗಿ ನೋಡಿದರೆ, ಒಳಗೆ ಒಬ್ಬ ಗೃಹಸ್ಥ ಅವರ ಕಡೆಗೇ ವಾಲಿ ತಲೆ ಬಾಗಿಸಿದ್ದಾನೆ! ಪಾಪ, ನಮ್ಮ ಕಡೆಯ ಜನ ಮರ್ಯಾದಸ್ಥರು. ಚಹಾದ ಅಂಗಡಿಯವರು, ಬಸ್ಸಿಗೆ ನಿಂತವರು, ಎಮ್ಮೆ ಹೊಡೆದುಕೊಂಡು ಹೋಗುವವರು ಎಲ್ಲರೂ "ಶರಣ್ರಿ, ನಮಸ್ಕಾರ್ರಿ" ಎಂದು ಕೈ ಮುಗಿದರು. ಒಬ್ಬರಂತೂ, "ಯಾವ ಪಾರ್ಟಿ ಕಡಿಂದ ನಿಂತೀರಿ?" ಎಂದು ಕೂಗಿ ಕೇಳಿದರು.

ಬಯಲಿನಲ್ಲಿ ಕಾರುಗಳನ್ನು ಪರೀಕ್ಷಿಸಲು ಬಿಳಿ ಟೋಪಿಯ ಒಬ್ಬರು ನಿಂತಿದ್ದರು. ಬ್ರೇಕು ನೋಡಿದರು, ಬೆಲ್ಟು ಎಳೆದರು, ಸರಿ ಎಂದರು. ಆಮೇಲೆ ನನ್ನನ್ನು ಕೂರಿಸಿದರು.

"ನೆಟ್ಟಗ ಕೂಡ್ರಿ."

"ಇದ ನೆಟ್ಟಗ್ರಿ."

"ಬೆನ್ನು ಸೀಟಿಗೆ ಹತ್ತಬೇಕ್ರಿ."

"ಹತ್ತೇದಲ್ರಿ. ನೆಟ್ಟಗಾದ್ರ ಹತ್ತಂಗಿಲ್ರಿ."

ಅವರು ಟೋಪಿ ಸರಿಸಿಕೊಂಡರು. "ಸ್ಟೇರಿಂಗ್ ಪೂರಾ ತಿರಗಸ್ರಿ," ಎಂದರು. ತಿರುಗಿಸಿದೆ. ಮೊಣಕೈ ಫೋಮಿಗೆ ಸಿಕ್ಕಿಕೊಂಡಿತು, ಹೆಲ್ಮೆಟ್ಟು ಹಾರ್ನಿನ ಮೇಲೆ ಕೂತಿತು. ಹಾರ್ನು ಶುರುವಾಯಿತು. ನಿಲ್ಲಲಿಲ್ಲ! ಬಯಲಿನಲ್ಲಿದ್ದವರೆಲ್ಲ ನನ್ನ ಸುತ್ತ ನೆರೆದರು.

ನನ್ನನ್ನು ಹೊರಗೆಳೆದ ಮೇಲೆ ಪರೀಕ್ಷಕರು ಬಹಳ ವಿನಯದಿಂದ ಕೇಳಿದರು: "ಈ ಸೀಟು ಯಾರಿಗಂತ ಮಾಡಸೀರಿ?"

"ನನಗರಿ."

"ನಿಮಗಲ್ರಿ. ಬ್ಯಾರೆ ಸೀಟಿದ್ರ ಹಾಕ್ಕೊಂಡು ಬರ್ರಿ. ಇದರಾಗ ನಿಮ್ಮನ್ನ ಬಿಡಂಗಿಲ್ಲ."

ಬೇರೆ ಸೀಟು ಆಳಂದದ ನಮ್ಮ ಪಡಸಾಲೆಯಲ್ಲಿತ್ತು. ನನಗೆ ನಿಜವಾಗಿಯೂ ಅಳು ಬಂತು. ಗೆಲ್ಲುವ ಆಸೆ ನನಗಿರಲಿಲ್ಲ. ಒಂದು ಸುತ್ತು, ಒಂದೇ ಒಂದು ಸುತ್ತು ಹೇಗಿರುತ್ತದೆ ನೋಡಬೇಕಿತ್ತು. ಗಿರಿಜಾ ನಗುವುದನ್ನು ಬಿಟ್ಟು, "ಹೋಗ್ಲಿ ಬಿಡ್ರಿ," ಎಂದು ನನ್ನ ಕೈಯಿಂದ ಹೆಲ್ಮೆಟ್ಟು ತೆಗೆದುಕೊಂಡಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ನೋಡಿ ನನಗೆ ಇನ್ನಷ್ಟು ದುಃಖವಾಯಿತು.

ಅಷ್ಟರಲ್ಲಿ ಮಾವನವರು ಸೀಟಿನೊಳಗೆ ಇಣುಕಿದರು. "ನಾ ಜರಾ ಕೂಡ್ಲೇನ್ರಿ? ಹ್ಯಾಂಗಿರ್ತದ ನೋಡೂಣು."

ಕೂತರು. ನಾವೆಲ್ಲ ಬಾಯಿ ತೆರೆದು ನೋಡಿದೆವು. ಜೀವಮಾನವೆಲ್ಲ ಕಬ್ಬಿನ ಹೊಲದಲ್ಲಿ ಬಗ್ಗಿದ ಬೆನ್ನು. ಟ್ರ್ಯಾಕ್ಟರಿನಲ್ಲಿ ಬಲಕ್ಕೆ ತಿರುಗಿ ಹಿಂದಿನ ನೇಗಿಲು ನೋಡುತ್ತ ನೋಡುತ್ತ ವಾಲಿದ ಮೈ. ಒಂದು ಎಳೆ ಕೂದಲಿನಷ್ಟೂ ಸಂದಿಲ್ಲದಂತೆ ಅವರು ಆ ಅಚ್ಚಿನಲ್ಲಿ ಇಳಿದರು. ಪರೀಕ್ಷಕರು ಬೆನ್ನ ಹಿಂದೆ ಬೆರಳು ತೂರಿಸಲು ನೋಡಿದರು. ತೂರಲಿಲ್ಲ. ಸ್ಟೇರಿಂಗ್ ಸರಾಗವಾಗಿ ತಿರುಗಿತು. ಹಾರ್ನ್ ಸುಮ್ಮನಿತ್ತು!

"ಅಳಿಯಂದ್ರ," ಎಂದರು ಮಾವನವರು, ಕಣ್ಣು ತುಂಬಿ. "ನನ್ನ ಅಳತಿಗೆ ಮಾಡಿಸಿ, ನನಗ ಹೇಳೇ ಇಲ್ಲಲ್ರಿ!"

ನಾನು ಹಲ್ಲು ಕಿರಿದೆ.

"ಲೈಸೆನ್ಸ್ ಇದ್ರ ಇವ್ರನ್ನ ಬಿಡೂಣು," ಎಂದರು ಪರೀಕ್ಷಕರು. ಲೈಸೆನ್ಸ್ ಮಾವನವರ ಅಂಗಿಯ ಕಿಸೆಯಲ್ಲೇ ಇತ್ತು. "ಅಪ್ಪಾ, ಹಗೂರಕ ಹೋಗು," ಎಂದಳು ಗಿರಿಜಾ. ಅವರು ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಹೆಲ್ಮೆಟ್ಟು ಅವರ ತಲೆಗೆ ಹೋಯಿತು. ಅದೂ ಅವರಿಗೆ ಸರಿಯಾಗಿ ಕೂತಿತು!

ಮಾವನವರು ಕಬ್ಬಿನ ಸಾಲಿನ ನಡುವೆ ಟ್ರ್ಯಾಕ್ಟರ್ ಹೊಡೆಯುವಂತೆ ಕೋನ್‌ಗಳ ನಡುವೆ ಹೊಡೆದರು. ಅಷ್ಟೇ ಜಾಗರೂಕತೆ, ಅಷ್ಟೇ ವೇಗ! ಪ್ರತಿ ತಿರುವಿನಲ್ಲೂ ಜನರ ಕಡೆ ಬಾಗಿದಂತೆ ಕಾಣುತ್ತಿದ್ದರು. ಜನವೂ ಬಾಗಿದರು. ಅಂದಿನ ರೇಸಿನಲ್ಲಿ ಎಲ್ಲರಿಗಿಂತ ತಡವಾಗಿ ಬಂದವರು ಅವರೇ, ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದೂ ಅವರಿಗೇ. ಇಳಿದವರೇ ಕೈ ಮುಗಿದರು. ನಾನು ಕ್ಯಾಮೆರಾ ಹಿಡಿದು "ಅಲುಗಾಡಬ್ಯಾಡ್ರಿ ಮಾವಾರ!" ಎಂದೆ. ಅವರು ಕ್ಯಾಮೆರಾಕ್ಕೂ ಶರಣು ಎಂದು ಬಾಗಿಬಿಟ್ಟರು. ಫೋಟೋ ಮಸುಕಾಗಿ ಬಂತು.

ಸೋಮವಾರ ಗಿರಿಜಾ ತನ್ನ ಕಾರಿನಲ್ಲಿ, ತನ್ನ ಹಳೆಯ ಸೀಟಿನಲ್ಲಿ ಕೂತು ಹಿರೋಳ್ಳಿಗೆ ಹೋದಳು. ಎಲ್ಲ ಜೋಡಿಸಿದ ಮೇಲೆ ನನ್ನ ಕಿಸೆಯಲ್ಲಿ ಒಂದು ಬೋಲ್ಟ್ ಉಳಿದಿದೆ. ಅದು ಎಲ್ಲಿಯದೆಂದು ರಫೀಕನಿಗೂ ತಿಳಿದಿಲ್ಲ, ಗಿರಿಜಾಗೆ ಹೇಳುವ ಧೈರ್ಯ ನನಗಿಲ್ಲ. ಫ್ಲೆಕ್ಸಿನಲ್ಲಿ ಈಗ ನನ್ನ ಮುಖದ ಮೇಲೆ ಮಾವನವರ ಮುಖ ಅಂಟಿಸಿದ್ದೇನೆ. ದಾರಿಹೋಕರು ನಿಂತು ನೋಡುತ್ತಾರೆ. ಮೊದಲು ಯಾರೂ ನಿಲ್ಲುತ್ತಿರಲಿಲ್ಲ.

ಅಚ್ಚಿನ ಸೀಟು ಮಾವನವರ ಜೀಪಿನಲ್ಲಿ ಕರಜಗಿಗೆ ಹೋಯಿತು. ಮೊನ್ನೆ ಹೋದಾಗ ಮಾವನವರು ಅಂಗಳದ ಬೇವಿನ ಮರದ ಕೆಳಗೆ ಅದರಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ನಾನು ಎಂದಿನಂತೆ ಬಾಗಿ "ಶರಣ್ರಿ ಮಾವಾರ" ಎಂದೆ. ಅವರು ಎದ್ದು ನನಗಿಂತ ಒಂದು ಗೇಣು ಹೆಚ್ಚು ಬಾಗುತ್ತಾರೆಂದು ಕಾದೆ.

ಏಳಲಿಲ್ಲ!

"ಶರಣು ಶರಣಾರ್ಥಿ," ಎಂದರು ಕೂತಲ್ಲಿಂದಲೇ, ಲೋಟ ಕೆಳಗಿಡದೆ. "ಈ ಸೀಟಿನಾಗ ಕುಂತ್ರ ಬಾಗಿದಂಗೇ ಆಗತದಲ್ರಿ ಅಳಿಯಂದ್ರ. ಮತ್ತ ಯಾಕ ಏಳೂದು?"

ಬಾಗಿದ ನನ್ನ ಸೊಂಟ ಅಲ್ಲೇ ಹಿಡಿದುಕೊಂಡಿತು. ಅಂಗಳದ ನಡುವೆ, ಅಲುಗಾಡದೆ, ಬಹಳ ಹೊತ್ತು ಹಾಗೇ ನಿಂತಿದ್ದೆ. ಒರಗಲು ಸೀಟು ಕೂಡ ಇರಲಿಲ್ಲ!