ಮೂವತ್ತೇಳನೆಯ ಪ್ರಶ್ನೆಯ (ಬಿ) ಆಯ್ಕೆಯವರಿಗೆ

ಮಾನ್ಯ (ಬಿ) ಅವರೇ,

ಬೆಟಗೇರಿಯ ನೇಕಾರ ಓಣಿಯಿಂದ ಅನುರಾಧಾ ಮಾಡುವ ಅನಂತ ನಮಸ್ಕಾರಗಳು. ಕೆಲವು ತಿಂಗಳ ಹಿಂದೆ ನಡೆದ ಶಿಕ್ಷಕರ ನೇಮಕಾತಿ ಪರೀಕ್ಷೆಯ ಮೂವತ್ತೇಳನೆಯ ಪ್ರಶ್ನೆಯಲ್ಲಿ ತಾವು (ಎ) ಅವರ ಕೆಳಗೆ, (ಸಿ) ಅವರ ಮೇಲೆ ಬಹಳ ಗಂಭೀರವಾಗಿ ನಿಂತಿದ್ದನ್ನು ಕಣ್ಣಾರೆ ಕಂಡವಳು ನಾನು. ತಾವು ಕ್ಷೇಮವಾಗಿಯೇ ಇದ್ದೀರೆಂದು ನಂಬಿದ್ದೇನೆ, ಏಕೆಂದರೆ ತಪ್ಪು ಉತ್ತರಕ್ಕೆ ಯಾರೂ ಏನೂ ಮಾಡುವುದಿಲ್ಲ, ಅದನ್ನು ಆರಿಸಿದವರಿಗೆ ಮಾತ್ರ ಮಾಡುತ್ತಾರೆ.

ಒಂದೇ ದಿನ ಲಕ್ಷ ಜನ ನೋಡಿದ ಮುಖ ತಮ್ಮದು, ನನ್ನ ನೆನಪು ಇರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಅಂದು ಕೊಟ್ಟ ಗದ್ಯಭಾಗ ಒಂದು ನೇಕಾರರ ಓಣಿಯದು. ಅದರಲ್ಲಿ "ಹಾಸುಹೊಕ್ಕು ಸರಿಯಿದ್ದ ಮನೆಯಲ್ಲಿ ಜಗಳವಿರಲಿಲ್ಲ" ಎಂಬ ವಾಕ್ಯವಿತ್ತು, ಇಲ್ಲಿ ಹಾಸುಹೊಕ್ಕು ಎಂದರೇನು ಎಂದು ಕೇಳಿದ್ದರು. (ಎ) ಅನ್ಯೋನ್ಯತೆ. ತಾವು, ಅಂದರೆ (ಬಿ), ಬಟ್ಟೆಯ ಉದ್ದದ ಮತ್ತು ಅಡ್ಡದ ದಾರಗಳು. (ಸಿ) ಹಾಸಿಗೆ ಮತ್ತು ಹೊದಿಕೆ. (ಡಿ) ಮೇಲಿನ ಯಾವುದೂ ಅಲ್ಲ. ಮೊದಲ ಬಸ್ಸು ಹಿಡಿದು ನಿಂತುಕೊಂಡೇ ಬಂದಿದ್ದ ನನಗೆ (ಸಿ) ಅವರ ಮೇಲೂ ಒಂದು ಗಳಿಗೆ ಮನಸ್ಸಾದದ್ದು ಸುಳ್ಳಲ್ಲ. ಆದರೆ ತಮ್ಮನ್ನು ಕಂಡಾಗ ಪರವೂರಿನ ಸಂತೆಯಲ್ಲಿ ನಮ್ಮ ಓಣಿಯವರೇ ಎದುರಾದಂತಾಯಿತು. ದಿನವೂ ಶಾಲೆ ಮುಗಿಸಿ ಬಂದು ಅತ್ತೆ ಬನಶಂಕರೆವ್ವನವರ ಪಕ್ಕ ಕೂತು ಅವರ ಲಾಳಿಗೆ ನೂಲು ಸುತ್ತಿಕೊಡುವವಳು ನಾನು. ಮಗ್ಗದ ಮೇಲೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಎರಡೂ ಕಣ್ಣ ಮುಂದೆಯೇ ಇರುತ್ತವೆ. ಕೈ ತಡೆಯಲಿಲ್ಲ. ತಮ್ಮ ವೃತ್ತವನ್ನು ಒಂಚೂರೂ ಬಿಳಿ ಕಾಣದಂತೆ ತುಂಬಿದೆ.

ಕೀ ಉತ್ತರ ಬಂತು, (ಎ) ಅಂತೆ. ಆಯ್ಕೆಪಟ್ಟಿ ನನಗಿಂತ ಸರಿಯಾಗಿ ಒಂದು ಅಂಕ ಮೇಲೆ ನಿಂತಿತು. ಶಿರಹಟ್ಟಿ ಕಡೆಯ ಒಂದು ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿಯಾಗಿ ಕನ್ನಡ ಕಲಿಸುತ್ತ, ಪ್ರತಿ ಜೂನಿನಲ್ಲೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನು ಹಿಡಿದು ಕೂರುವ ನನಗೆ ವಯೋಮಿತಿಯ ಪ್ರಕಾರ ಇದೇ ಕೊನೆಯ ಪರೀಕ್ಷೆ. ಇನ್ನು ಆ ಶಾಲೆಯಲ್ಲಿ ಎಷ್ಟು ವರ್ಷ ಇದ್ದರೂ ನಾನು ಅತಿಥಿಯೇ. ಇದನ್ನು ಬರೆಯುವಾಗ ಮಾತ್ರ ನನಗೆ ನಗು ಬರುತ್ತಿಲ್ಲ, ಕ್ಷಮಿಸಬೇಕು.

(ಎ) ಅವರ ದೊಡ್ಡಸ್ತಿಕೆಯನ್ನು ಎರಡು ಮಾತಿನಲ್ಲಾದರೂ ಹೊಗಳದಿದ್ದರೆ ತಪ್ಪಾದೀತು. ಅವರನ್ನು ಆ ವಾಕ್ಯದಲ್ಲಿ ಕೂರಿಸಿದರೆ "ಅನ್ಯೋನ್ಯತೆ ಸರಿಯಿದ್ದ ಮನೆಯಲ್ಲಿ ಜಗಳವಿರಲಿಲ್ಲ" ಎಂದಾಗುತ್ತದೆ. ಜಗಳವಿಲ್ಲದ ಮನೆಯಲ್ಲಿ ಜಗಳವಿರುವುದಿಲ್ಲ ಎಂಬ ಈ ಮಹಾಸತ್ಯವನ್ನು ಲೋಕಕ್ಕೆ ತಿಳಿಸಲು ಮೂರು ಪ್ಯಾರಾ ಬರೆದ ಪುಣ್ಯಾತ್ಮರಿಗೆ ಸಾಷ್ಟಾಂಗ ನಮಸ್ಕಾರ. ಅದೇ ವಾಕ್ಯವನ್ನು ಅತ್ತೆಗೆ ಓದಿ ಹೇಳಿದಾಗ ಅವರು ಲಾಳಿ ನಿಲ್ಲಿಸದೆಯೇ, "ಹಾಸು ಸಡ್ಲಾದ ದಿನಾ ನಿಮ್ಮ ಮಾವ ಸಾರಿಗೆ ಉಪ್ಪಿಲ್ಲಂತ ಜಗಳಾ ತಗೀತಿದ್ರು. ಇದನ್ನ ಕೇಳಾಕ ಪರೀಕ್ಷಾ ಯಾಕ ಬೇಕವ್ವಾ?" ಎಂದರು.

ಅಂದು ನನ್ನ ಮುಂದಿನ ಬೆಂಚಿನಲ್ಲಿದ್ದ ಲಕ್ಷ್ಮೇಶ್ವರದ ನಸ್ರೀನ ಪಟ್ಟಿಯಲ್ಲಿದ್ದಾಳೆ. ಫೋನು ಮಾಡಿ ಅಭಿನಂದಿಸಿ, ನೀನು ಹೇಗೆ (ಎ) ತುಂಬಿದೆ ಎಂದು ಕೇಳಿದೆ. "ಖರೆ ಹೇಳ್ಲೇನ್ರಿ ಅಕ್ಕಾ, ಗದ್ಯಾ ನಾ ಓದೇ ಇಲ್ರಿ. ಓದಿದ್ರ ಡೌಟ್ ಬರತಾವು. ನಾಕರಾಗ ಚೊಲೋ ಗುಣದ ಹೆಸರು ಯಾವುದೈತಿ ನೋಡಿ ಅದಕ್ಕ ಗೋಲ ತುಂಬಿದ್ನಿ" ಎಂದಳು. ಓದುವ ಸಾಮರ್ಥ್ಯ ಅಳೆಯುವ ಪ್ರಶ್ನೆಯಲ್ಲಿ ನಾನು ಓದಿ ಕೆಟ್ಟೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಡುಗಿ, ಮಕ್ಕಳಿಗೆ ಚೆನ್ನಾಗಿಯೇ ಕಲಿಸುತ್ತಾಳೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಇನ್ನು ಮುಂದೆ ತಾವು ನಮ್ಮ ಮನೆಯವರ ಮುಖ ಹೊತ್ತು ಪ್ರಶ್ನೆಪತ್ರಿಕೆಯಲ್ಲಿ ನಿಲ್ಲಬಾರದು, ನಿಲ್ಲಲೇಬೇಕಾದರೆ ನೇಕಾರರ ಪೆನ್ನು ಹತ್ತಿರ ಬಂದಾಗ ಒಮ್ಮೆ ಕೆಮ್ಮಬೇಕು. ಸಾಧ್ಯವಾದರೆ ಕೈಯಲ್ಲಿ ಎರಡು ದಾರ ಹಿಡಿದು ತಜ್ಞರ ಸಮಿತಿಯ ಮುಂದೆ ಖುದ್ದು ಹಾಜರಾಗಿ ತಾವು ಯಾರೆಂದು ಹೇಳಬೇಕು. ನನ್ನ ಆಕ್ಷೇಪಣೆಗೆ "ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ" ಎಂದು ಉತ್ತರ ಬಂದಿದೆ. ಅದರಲ್ಲಿ ಆರಿಸಿಕೊಳ್ಳಲು ಏನೂ ಇರಲಿಲ್ಲ. ಇಷ್ಟಾದರೂ ಅದೇ ಪ್ರಶ್ನೆ ನಾಳೆ ಬಂದರೆ ನಾನು ತಮ್ಮನ್ನೇ ತುಂಬುತ್ತೇನೆ. (ಎ) ತುಂಬಿ ಬಂದು ಅತ್ತೆಯ ಪಕ್ಕ ಯಾವ ಮುಖ ಹೊತ್ತು ಕೂರಲಿ?

ತಮ್ಮ ವಿಶ್ವಾಸಿ,
ತಮ್ಮನ್ನು ನಂಬಿ ಅತಿಥಿಯಾಗಿಯೇ ಉಳಿದ
ಅನುರಾಧಾ, ಬೆಟಗೇರಿ

ತಾ.ಕ.: ಪರೀಕ್ಷೆಯನ್ನು ಸಾಂಗವಾಗಿ ನಡೆಸಿಕೊಟ್ಟ ವಿಷಯತಜ್ಞರ ಸನ್ಮಾನಕ್ಕೆ ನಾಲ್ಕು ಕೈಮಗ್ಗದ ಶಾಲು ಬೇಕೆಂದು ನಿನ್ನೆ ನಮ್ಮ ಮನೆಗೇ ಆರ್ಡರ್ ಬಂದಿದೆ. ಹಾಸುಹೊಕ್ಕು ಎಂದರೆ ದಾರವಲ್ಲವೆಂದು ಅವರೇ ತೀರ್ಮಾನಿಸಿರುವುದರಿಂದ, ಬರೀ ಅನ್ಯೋನ್ಯತೆಯಿಂದಲೇ ನೇಯಬೇಕೋ ಎಂದು ಅತ್ತೆ ಕೇಳುತ್ತಿದ್ದಾರೆ. ಹೌದಾದರೆ ನಾಲ್ಕೂ ಶಾಲು ಈಗಲೇ ತಯಾರಿವೆ, ಅವರು ಅದನ್ನಷ್ಟೇ ಹೊದ್ದುಕೊಂಡು ವೇದಿಕೆಗೆ ದಯಮಾಡಿಸಬಹುದು.