ಲೋಟ ಬೀಳಲು ಬಿಡದವನು

ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನಾನು ಕೂತಿರುವುದು ಐವತ್ತು ವರ್ಷದಿಂದ. ಸುದ್ದಿ ಹುಡುಕಿಕೊಂಡು ನಾನು ಯಾವತ್ತೂ ಹೋದವಳಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತದೆ. ಬಂದದ್ದನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಒಂದು ಚಿಟಿಕೆ ಉಪ್ಪು ಹಾಕಿ ಮುಂದೆ ಕಳಿಸುತ್ತೇನೆ. ಅದಕ್ಕೇ ಜನ ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ. ಅನ್ನಲಿ. ಅನ್ನುವವರೆಲ್ಲ ಸಂಜೆಯಾದರೆ ನನ್ನ ಜಗಲಿಯಲ್ಲೇ ಇರುತ್ತಾರೆ.

ಆದರೆ ಎದುರು ಮನೆ ಹುಡುಗನ ಸುದ್ದಿಗೆ ಉಪ್ಪೇ ಬೇಕಿರಲಿಲ್ಲ. ಹೋಟೆಲ್ ಗೌಡರ ಒಬ್ಬನೇ ಮಗ. ಮಿಲಿಟರಿಗೆ ಸೇರಿ ಲಡಾಖಿಗೆ ಹೋದ, ಅಲ್ಲಿ ಐಸ್‌ಹಾಕಿ ಅನ್ನುವ ಆಟದ ಆಟಗಾರನಾದ. ಚಳಿಗಾಲದಲ್ಲಿ ಅಲ್ಲಿ ಕೆರೆ ಕಲ್ಲಾಗುತ್ತದಂತೆ. ಅದರ ಮೇಲೆ ಇವರು ಬೂಟಿನ ಅಡಿಗೆ ಕತ್ತಿಯಂಥ ಪಟ್ಟಿ ಕಟ್ಟಿಕೊಂಡು ಓಡುವುದು, ಕೋಲಿನಿಂದ ಒಂದು ಕರೀ ರಬ್ಬರ್ ಬಿಲ್ಲೆಯನ್ನು ಹೊಡೆಯುವುದು. ಇವನು ಗೋಲ್‌ಕೀಪರ್. ಬಿಲ್ಲೆ ಒಳಗೆ ಹೋಗದ ಹಾಗೆ ತಡೆಯುವುದೇ ಇವನ ಕೆಲಸ. ಅವನಮ್ಮನಿಗೆ ಮಾತ್ರ ಆಟವೂ ಬೇಡ, ಐಸೂ ಬೇಡ. ಮಗನಿಗೆ ಮೂವತ್ತು ದಾಟುವ ಮೊದಲು ಒಂದು ಮದುವೆಯಾಗಬೇಕು. ರಜೆ ಸಿಗುವುದು ವರ್ಷಕ್ಕೊಂದು ಸಲ, ಐಸ್ ಕರಗಿದ ಮೇಲೆ. ಆ ಒಂದು ತಿಂಗಳಲ್ಲಿ ಹೆಣ್ಣು ನೋಡಿ ಒಪ್ಪಿಸಬೇಕು. ಆ ಮದುವೆ ಎರಡು ಸಲ ಮುರಿದದ್ದು, ಮೂರನೇ ಸಲ ನಿಂತದ್ದು, ಎಲ್ಲ ನನ್ನ ಕಣ್ಣೆದುರೇ. ಒಂದು ಸಲ ಮುರಿದದ್ದು ನನ್ನ ಬಾಯಿಂದಲೇ.

ಕಲ್ಲಿನ ಮೇಜು

ಹೋಟೆಲ್ ಗೌಡರಿಗೆ ಮಂಡಿನೋವು. ಹತ್ತು ಹೆಜ್ಜೆ ನಡೆದು ಕಾಫಿ ಕೊಡುವುದೆಂದರೆ ಜೀವ ಹೋಗುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ಹೋಟೆಲಿನಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಉದ್ದಕ್ಕೆ ಒಂದು ಕರೀಕಲ್ಲಿನ ಮೇಜು, ಒರೆಸಿ ಒರೆಸಿ ಕನ್ನಡಿಯಾಗಿತ್ತು. ಗೌಡರು ಇಲ್ಲಿಂದ ಲೋಟವನ್ನು ಸರ್‍ರನೆ ತಳ್ಳುವುದು, ಮಗ ಆ ತುದಿಯಲ್ಲಿ ನಿಂತು ಹಿಡಿದು ಗಿರಾಕಿ ಮುಂದೆ ಇಡುವುದು. ಶಾಲೆ ಬಿಟ್ಟ ಮೇಲೆ ಅದೇ ಕೆಲಸ. ಒಂದರ ಹಿಂದೆ ಒಂದು ಬರುತ್ತಿದ್ದವು, ಕೆಲವು ವಾರೆಯಾಗಿ ಬರುತ್ತಿದ್ದವು. ಹುಡುಗ ಕೈಯಲ್ಲಿ, ಮೊಣಕೈಯಲ್ಲಿ, ಒಂದು ಸಲ ಗಲ್ಲದಲ್ಲೂ ತಡೆದದ್ದನ್ನು ನಾನು ನೋಡಿದ್ದೇನೆ. ಒಂದು ಹನಿ ಕಾಫಿಯೂ ಚೆಲ್ಲುತ್ತಿರಲಿಲ್ಲ. ಕಾಫಿ ಕುಡಿಯುವುದಕ್ಕಲ್ಲ, ಅದನ್ನು ನೋಡುವುದಕ್ಕೇ ಜನ ಬರುತ್ತಿದ್ದರು. ಕಾಫಿ ಅಷ್ಟೇನೂ ಚೆನ್ನಾಗಿರುತ್ತಿರಲಿಲ್ಲ.

ಲಡಾಖಿಗೆ ಹೋದ ಮೊದಲ ಚಳಿಗಾಲ ಅವರ ಸಾಹೇಬರು ಕೇಳಿದರಂತೆ, ‘ನೀನು ಐಸ್ ನೋಡಿದ್ದೀಯೇನಯ್ಯ?’

‘ನೋಡಿದ್ದೇನೆ ಸಾರ್, ಕಡ್ಡಿ ಚುಚ್ಚಿದ್ದು.’

ಎಲ್ಲರೂ ಬಿದ್ದುಬಿದ್ದು ನಕ್ಕರು. ಓಡುವುದಕ್ಕಂತೂ ಆಗದ ಪ್ರಾಣಿ, ಗೋಲಿನಲ್ಲಿ ನಿಲ್ಲಲಿ ಅಂತ ಕಾಲಿಗೆ ಕ್ರಿಕೆಟ್ ಪ್ಯಾಡ್ ಕಟ್ಟಿ ನಿಲ್ಲಿಸಿದರು. ಅವತ್ತು ನಿಂತದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಆದರೆ ಬಿಲ್ಲೆ ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲೇ ಬೀಳುತ್ತಿದ್ದ. ಒಂದೂ ಒಳಗೆ ಹೋಗಲಿಲ್ಲ. ಸಾಹೇಬರು ಕಣ್ಣು ಕಣ್ಣು ಬಿಟ್ಟರು.

‘ಎಲ್ಲಿ ಕಲಿತೆ?’

‘ಅಪ್ಪನ ಹೋಟೆಲಿನಲ್ಲಿ ಸಾರ್.’

‘ಅಲ್ಲಿ ಎಂಥ ಹೊಡೆತ ಬರುತ್ತಿತ್ತು?’

‘ಮೊದಲು ಬಿಸಿ ಕಾಫಿ ಸಾರ್. ಅದು ಕೈತಪ್ಪಿದರೆ ಅಪ್ಪನದ್ದು.’

ಕಂಬಿ ಹಿಂದಿನ ಮುಖ

ಆ ಮೊದಲ ಚಳಿಗಾಲದಲ್ಲೇ ಒಂದು ಬಿಲ್ಲೆ ಮುಖಕ್ಕೆ ಬಡಿದು ಮುಂದಿನ ಎರಡು ಹಲ್ಲು ಹೋದವು. ಬಿಲ್ಲೆ ಗೋಲಿಗೆ ಹೋಗಲಿಲ್ಲ, ಹಲ್ಲು ಹೋದವು ಅಂತ ಅವನೇ ಕಾಗದದಲ್ಲಿ ಬರೆದಿದ್ದ. ಆಮೇಲೆ ಅವರು ಮುಖಕ್ಕೆ ಕಬ್ಬಿಣದ ಕಂಬಿ ಇರುವ ಟೊಪ್ಪಿ ಕೊಟ್ಟರು. ಅದನ್ನು ಹಾಕಿಕೊಂಡು ಒಂದು ಫೋಟೋ ತೆಗೆಸಿ ಮನೆಗೆ ಕಳಿಸಿದ. ಬರೀ ಮುಖ, ಹತ್ತಿರದಿಂದ ತೆಗೆದದ್ದು. ಅವನಮ್ಮ ಅದನ್ನು ದೇವರ ಫೋಟೋ ಪಕ್ಕ ಇಟ್ಟಿದ್ದಳು.

ನಾನು ಮೊಸರಿಗೆ ಹೆಪ್ಪು ಕೇಳಲು ಹೋದವಳು ನೋಡಿದೆ. ಕನ್ನಡಕ ಮನೆಯಲ್ಲೇ ಇತ್ತು. ನೋಡಿದರೆ ಎಂತ, ಕಂಬಿ, ಕಂಬಿ ಹಿಂದೆ ಹುಡುಗನ ಮುಖ, ಗಡ್ಡ ಬೇರೆ. ಅಯ್ಯೋ ಹುಡುಗ ಒಳಗೆ ಹೋಗಿದ್ದಾನೆ! ಪಾಪ, ತಾಯಿ ದೇವರ ಹತ್ತಿರ ಇಟ್ಟು ಬೇಡಿಕೊಳ್ಳುತ್ತಿದ್ದಾಳೆ. ಬಾಯಿಬಿಟ್ಟು ಕೇಳುವುದು ಹೇಗೆ? ಕೇಳಲಿಲ್ಲ. ಹೆಪ್ಪನ್ನೂ ಮರೆತು ಬಂದೆ.

ನಾನು ಹೇಳಿದ್ದು ಒಬ್ಬಳಿಗೇ, ಹೂವಿನವಳಿಗೆ. ಅದೂ ಯಾರಿಗೂ ಹೇಳಬೇಡ ಅಂತ ಕೈಹಿಡಿದು ಹೇಳಿದ್ದು. ಬೆಳಿಗ್ಗೆ ನಾನು ಹೇಳುವಾಗ ಹುಡುಗ ಜೈಲಿನಲ್ಲಿದ್ದ, ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಅವನು ಬಂದೂಕು ಕದ್ದಿದ್ದ. ಸಂಜೆ ನರಸಿಂಹರಾಜಪುರ ಮುಟ್ಟುವಾಗ ಆ ಬಂದೂಕನ್ನು ಮಾರಿಯೂ ಆಗಿತ್ತು. ಅಲ್ಲಿ ಅವನಿಗೆ ನೋಡಿಟ್ಟಿದ್ದ ಹೆಣ್ಣಿನ ಮನೆಯವರು ಮಾರನೇ ದಿನವೇ ಫೋನು ಮಾಡಿ, ಜಾತಕ ಕೂಡುವುದಿಲ್ಲ ಅಂದರು. ಆವರೆಗೆ ಅದೇ ಜಾತಕ ಚೆನ್ನಾಗಿಯೇ ಕೂಡಿತ್ತು.

ಅವನಮ್ಮ ಫೋಟೋ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನನ್ನ ಕನ್ನಡಕವನ್ನು ಅವಳೇ ತೆಗೆದು ನನ್ನ ಮೂಗಿಗೆ ಹಾಕಿದಳು.

‘ದೊಡ್ಡಮ್ಮ, ಈಗ ನೋಡಿ. ಇದು ಎಂತ?’

ನೋಡಿದೆ. ಟೊಪ್ಪಿ. ಟೊಪ್ಪಿಗೆ ಕಂಬಿ. ಕಂಬಿ ಹಿಂದೆ ಹುಡುಗ ನಗುತ್ತಿದ್ದಾನೆ.

‘ಅಲ್ಲ ಮಾರಾಯ್ತಿ,’ ಅಂದೆ, ‘ಜೈಲಿನಲ್ಲಿ ಇರುವವನು ಇಷ್ಟು ನಗುತ್ತಾನಾ ಅಂತ ನನಗೆ ಆಗಲೇ ಅನುಮಾನ ಬಂದಿತ್ತು.’

ಆರು ತಿಂಗಳು ನನಗೆ ಆ ಮನೆಯಿಂದ ಹೆಪ್ಪು ಸಿಗಲಿಲ್ಲ.

ಬಿಲ್ಲೆ

ದೊಡ್ಡ ಪಂದ್ಯವೊಂದರಲ್ಲಿ ಕೊನೇ ಗಳಿಗೆಯಲ್ಲಿ ಬಂದ ಹೊಡೆತ ತಡೆದು ಇವನು ತಂಡವನ್ನು ಗೆಲ್ಲಿಸಿದನಂತೆ. ಸಾಹೇಬರು ಅದೇ ಬಿಲ್ಲೆಯ ಮೇಲೆ ರುಜು ಹಾಕಿ ಇವನಿಗೆ ಕೊಟ್ಟರು. ರಜೆಗೆ ಬಂದವನು ಅದನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು ಶೃಂಗೇರಿಗೆ ದೇವರಿಗೆ ಹೋದ. ಬಂದು ನೋಡಿದರೆ ಇಲ್ಲ. ಇಡೀ ಮನೆ ತಡಕಿದ. ನನ್ನ ಮನೆಗೂ ಬಂದು, ‘ಅಜ್ಜಿ, ನೀವೇನಾದರೂ...’ ಅಂದ. ಕಂಬಿಯ ವಿಷಯ ಆದ ಮೇಲೆ ಆ ಓಣಿಯಲ್ಲಿ ಏನೇ ಹೋದರೂ ನನ್ನನ್ನೇ ಕೇಳುತ್ತಿದ್ದರು.

ಕೊನೆಗೆ ಹೋಟೆಲಿನ ಅಡುಗೆ ಕೋಣೆಯಲ್ಲಿ ಸಿಕ್ಕಿತು. ದೋಸೆ ಹಿಟ್ಟಿನ ಗ್ರೈಂಡರಿನ ಒಂದು ಕಾಲು ಗಿಡ್ಡ, ಅವನಮ್ಮ ಬಿಲ್ಲೆಯನ್ನು ಅದರ ಅಡಿಗೆ ಕೊಟ್ಟಿದ್ದಳು. ಸಾಹೇಬರ ರುಜುವಿನ ಮೇಲೆ ಉದ್ದಿನ ಹಿಟ್ಟು.

‘ಅಮ್ಮಾ! ಇದು ಫೈನಲ್ಲಿನಲ್ಲಿ ನಾನು ತಡೆದದ್ದು!’

‘ಹೌದಾ? ಒಳ್ಳೇ ಸಾಮಾನು ಮಾರಾಯ,’ ಅಂದಳು ಅವಳು. ‘ನಿನ್ನೆಯಿಂದ ಗ್ರೈಂಡರ್ ಒಂದು ಚೂರೂ ಅಲ್ಲಾಡಿಲ್ಲ. ಇನ್ನೊಂದು ಫೈನಲ್ ಯಾವಾಗ? ಮಿಕ್ಸಿಗೂ ಬೇಕಿತ್ತು.’

ಮೀನಿನಂಗಡಿಯ ಐಸು

ಮಿಲಿಟರಿ ತಂಡದಲ್ಲಿ ಹೆಸರು ಮಾಡಿದ ಅಂತ ಪೇಪರಿನಲ್ಲಿ ನಾಲ್ಕು ಸಾಲು ಬಂದದ್ದೇ ತಡ, ನರಸಿಂಹರಾಜಪುರದ ಒಂದು ಯುವಕ ಸಂಘದವರು ಸನ್ಮಾನಕ್ಕೆ ಕರೆದರು. ಬಂದೂಕು ಮಾರಿದ ಅಂತ ನಂಬಿದ ಊರೇ ಈಗ ಹಾರ ಹಿಡಿದು ನಿಂತಿತ್ತು. ಬರೀ ಶಾಲು ಹೊದಿಸಿದರೆ ಆಗುತ್ತಾ? ಆಟ ಆಡಿ ತೋರಿಸಬೇಕು ಅಂತ ಕಾರ್ಯದರ್ಶಿಗೆ ಆಸೆ. ಮೀನಿನಂಗಡಿಯಿಂದ ಎಂಟು ದಿಮ್ಮಿ ಐಸು ತರಿಸಿ ವೇದಿಕೆಯ ಮೇಲೆ ಜೋಡಿಸಿಬಿಟ್ಟಿದ್ದ. ಮೇ ತಿಂಗಳ ಬಿಸಿಲು. ಅಧ್ಯಕ್ಷರ ಭಾಷಣ ಮುಗಿಯುವಾಗ ದಿಮ್ಮಿಗಳು ಇಟ್ಟಿಗೆಯಾಗಿದ್ದವು, ವಂದನಾರ್ಪಣೆಗೆ ಬರುವಾಗ ಸೋಪಾಗಿದ್ದವು. ಒಂದು ದಿಮ್ಮಿಯೊಳಗಿಂದ ಬಂಗುಡೆ ಮೀನೊಂದು ತಲೆ ಹೊರಗೆ ಹಾಕಿತು. ಎಲ್ಲಿದ್ದವೋ ಏನೋ, ಊರ ಬೆಕ್ಕುಗಳೆಲ್ಲ ಮುಂದಿನ ಸಾಲಿನಲ್ಲಿ ಬಂದು ಕೂತವು.

ಕಾರ್ಯದರ್ಶಿ ಮೈಕು ಹಿಡಿದು, ‘ಈಗ ನಮ್ಮ ಹೆಮ್ಮೆಯ ಆಟಗಾರರು ಆಟ ತೋರಿಸುತ್ತಾರೆ’ ಅಂದ. ಹುಡುಗ ಕಾಲಡಿಯ ನೀರು ನೋಡಿದ, ಬಂಗುಡೆ ನೋಡಿದ.

‘ಐಸ್ ಸ್ವಲ್ಪ ಸಾಲದು ಸಾರ್.’

‘ಹೇಳಿ ಸಾರ್, ಈಗಲೇ ತರಿಸುತ್ತೇನೆ. ಎಷ್ಟು ಬೇಕು?’

‘ಹೆಚ್ಚೇನಿಲ್ಲ, ಒಂದು ಕೆರೆ.’

ಇಡೀ ಸಭೆ ನಕ್ಕಿತು. ಹುಡುಗನೂ ಬಾಯ್ತುಂಬ ನಕ್ಕ. ನಕ್ಕದ್ದೇ ತಪ್ಪಾಯಿತು. ಬಾಳೆಹೊನ್ನೂರಿನ ಒಂದು ಹೆಣ್ಣಿನ ಸೋದರಮಾವ ಗುಟ್ಟಾಗಿ ಹುಡುಗನನ್ನು ನೋಡಿ ಹೋಗಲು ಬಂದವನು ಮೂರನೇ ಸಾಲಿನಲ್ಲಿದ್ದ. ಎರಡು ಹಲ್ಲಿನ ಜಾಗ ಖಾಲಿ ಇರುವುದು ಅವನಿಗೆ ಕಂಡಿತು. ‘ಹುಡುಗನಿಗೆ ಹಲ್ಲು ಉದುರುವ ವಯಸ್ಸಾಗಿದೆ, ಮುಚ್ಚಿಟ್ಟಿದ್ದಾರೆ’ ಅಂತ ಹೋಗಿ ಹೇಳಿದ. ಎರಡನೇ ಸಂಬಂಧವೂ ಹೋಯಿತು. ಇದು ನಾನಲ್ಲ, ದೇವರಾಣೆ.

ಅವನಮ್ಮ ಎರಡು ದಿನ ಅನ್ನ ಬಿಟ್ಟು ಮಲಗಿದಳು. ಮಗ ಎದುರು ಕೂತು ಸಮಾಧಾನ ಮಾಡಿದ. ‘ಹಲ್ಲು ಕಟ್ಟಿಸಿದರೆ ಅದೂ ಮತ್ತೊಂದು ಬಿಲ್ಲೆಗೆ ಹೋಗುತ್ತದಮ್ಮ’ ಅಂದರೆ ಕೇಳಬೇಕಲ್ಲ. ಕೊನೆಗೆ ನನ್ನ ಹಲ್ಲಿನ ಸೆಟ್ಟು ಮಾಡಿದ ಡಾಕ್ಟರ ಹತ್ತಿರವೇ ಹೋಗಿ ತೆಗೆದು ಹಾಕುವಂಥ ಎರಡು ಹಲ್ಲು ಮಾಡಿಸಿಕೊಂಡ. ನಾನೂ ಜೊತೆಗೆ ಹೋಗಿದ್ದೆ. ನನ್ನ ಕೆಳಗಿನ ಸೆಟ್ಟು ಸಡಿಲವಾಗಿ, ಜೋರಾಗಿ ಮಾತಾಡಿದರೆ ಮೇಲೇಳುತ್ತಿತ್ತು.

‘ಬೇರೆ ಮಾಡಿಕೊಡುವುದಕ್ಕೆ ತಿಂಗಳಾಗುತ್ತದೆ,’ ಅಂದರು ಡಾಕ್ಟರು. ‘ಅಲ್ಲಿವರೆಗೆ ಮಾತು ಕಡಿಮೆ ಮಾಡಿ.’

‘ಬೇರೆ ಔಷಧಿ ಇಲ್ಲವಾ ಡಾಕ್ಟರೇ?’ ಅಂದೆ.

ಮೆಣಸೆಯ ಕೆಂಪು ನೆಲ

ರಜೆ ಮುಗಿಯಲು ನಾಲ್ಕು ದಿನ ಇರುವಾಗ ಶೃಂಗೇರಿ ಹತ್ತಿರದ ಮೆಣಸೆಯಿಂದ ಒಂದು ಸಂಬಂಧ ಬಂತು. ಹುಡುಗಿ ಶೃಂಗೇರಿ ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಇದೂ ತಪ್ಪಿದರೆ ಇನ್ನೊಂದು ವರ್ಷ. ಜೀಪು ಹೊರಡುವಾಗ ಅವನಮ್ಮ ನನಗೆ, ನೀವೂ ಹತ್ತಿ ಅಂದಳು. ನನಗೆ ಖುಷಿಯೋ ಖುಷಿ.

‘ನಿಮ್ಮ ಮೇಲಿನ ಪ್ರೀತಿಗಲ್ಲ ದೊಡ್ಡಮ್ಮ,’ ಅಂದಳು. ‘ನಿಮ್ಮನ್ನು ಕೊಪ್ಪದಲ್ಲಿ ಬಿಟ್ಟು ಹೋಗಲು ಧೈರ್ಯ ಇಲ್ಲ. ಅಲ್ಲಿ ನಿಮಗೆ ಮೂರೇ ಮಾತು. ಹೌದು, ಒಳ್ಳೇದು, ಸಾಕು. ಇವನ ಹಲ್ಲಿನ ವಿಷಯ ಮದುವೆ ಆಗುವವರೆಗೆ ಯಾರೂ ಎತ್ತಬಾರದು.’

‘ಸುಳ್ಳು ಹೇಳಿ ಮದುವೆ ಯಾಕಮ್ಮ?’ ಅಂದ ಹುಡುಗ.

‘ಸುಳ್ಳು ಯಾರು ಹೇಳಿದರು? ಬಾಯಿ ಮುಚ್ಚಿಕೊಂಡು ನಗು ಅಂದೆ, ಅಷ್ಟೇ.’

ಮೆಣಸೆಯ ಮನೆಯ ಜಗಲಿ ನೋಡಬೇಕು ನೀವು. ಕೆಂಪು ಗಾರೆ ನೆಲ, ಮುಖ ಕಾಣುತ್ತಿತ್ತು. ಒಂದು ತುದಿಯಲ್ಲಿ ನಾನು ಬೆಂಚಿನ ಮೇಲೆ, ನಡುವೆ ಕುರ್ಚಿಯಲ್ಲಿ ಹುಡುಗ, ಇನ್ನೊಂದು ತುದಿಯಲ್ಲಿ ಮೆಟ್ಟಿಲು, ಮೆಟ್ಟಿಲ ಕೆಳಗೆ ಅವರ ನಾಯಿ. ಹುಡುಗಿ ಬಂದಳು, ಕಾಫಿ ಕೊಟ್ಟಳು, ಲಕ್ಷಣವಾಗಿದ್ದಳು. ‘ಹೌದು’ ಅಂದೆ. ‘ಒಳ್ಳೇದು’ ಅಂದೆ. ಇನ್ನು ‘ಸಾಕು’ ಒಂದು ಬಾಕಿ ಇತ್ತು. ಅಷ್ಟರಲ್ಲಿ ಹುಡುಗಿಯ ಅಪ್ಪ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

‘ಕೇಳುತ್ತೇನೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಹುಡುಗ ಒಂದು ಸಲ ಜೈಲಿಗೆ ಹೋಗಿದ್ದನಂತೆ, ಬಂದೂಕಿನ ವಿಷಯ ಅಂತೆ. ಈ ಕಡೆ ಹಾಗೊಂದು ಮಾತಿದೆ.’

ನನ್ನ ಮಾತು ಇಷ್ಟು ದೂರ ನಡೆದು ಬಂದಿದೆಯಲ್ಲ ಅಂತ ಒಂದು ಕ್ಷಣ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನಮ್ಮನ ಮುಖ ನೋಡಿದೆ. ಅವಳು ಸೆರಗು ಬಾಯಿಗೆ ಹಿಡಿದಿದ್ದಳು, ಕಣ್ಣು ತುಂಬಿತ್ತು. ಇಂಥ ಹುಡುಗ, ಹಲ್ಲು ಕೊಟ್ಟರೂ ಗೋಲು ಕೊಡದವನು, ನನ್ನ ಒಂದು ಚಿಟಿಕೆ ಉಪ್ಪಿನಿಂದ ಹೀಗೆ ತಲೆ ತಗ್ಗಿಸಿ ಕೂರುವುದೆಂದರೆ! ತಡೆಯಲಾಗಲಿಲ್ಲ ನನಗೆ. ಎದ್ದು ನಿಂತೆ.

‘ಅದು ಶುದ್ಧ ಸುಳ್ಳು! ಆ ಸುಳ್ಳು ಹುಟ್ಟಿಸಿದವಳು ನಾನೇ!’

‘ನಾನೇ’ ಅನ್ನುವಾಗ ಸ್ವಲ್ಪ ಜೋರಾಯಿತು. ಕೆಳಗಿನ ಸೆಟ್ಟು ಬಾಯಿಂದ ಹಾರಿ ನೆಲಕ್ಕೆ ಬಿದ್ದು ಸರ್‍ರನೆ ಹೊರಟಿತು. ಆ ನೆಲದ ಮೇಲೆ ಅದಕ್ಕೆ ಯಾರ ಭಯ? ನೇರ ಮೆಟ್ಟಿಲಿನ ಕಡೆಗೆ. ನಾಯಿ ಎದ್ದು ಬಾಯಿ ತೆರೆಯಿತು.

ಹುಡುಗ ಕುರ್ಚಿಯಿಂದ ಯಾವಾಗ ಎದ್ದನೋ ಯಾರಿಗೂ ಗೊತ್ತಿಲ್ಲ. ನೋಡುವಾಗ ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ, ಹೊಸ ಪ್ಯಾಂಟು ಪರ್ರನೆ ಹರಿದಿತ್ತು. ಮೆಟ್ಟಿಲಿಗೆ ನಾಲ್ಕು ಬೆರಳು ಇರುವಾಗ ನನ್ನ ಹಲ್ಲು ಅವನ ಅಂಗೈಯೊಳಗೆ. ಟಿಣ್ ಅಂತ ಒಂದು ಶಬ್ದವಿಲ್ಲ. ಎಡಗೈಯಲ್ಲಿ ಕಾಫಿ ಲೋಟ ಇನ್ನೂ ಇತ್ತು, ಅದರಲ್ಲಿ ಕಾಫಿಯೂ ಇತ್ತು.

ನಾಯಿ ತೆರೆದ ಬಾಯಿ ಮುಚ್ಚಿಕೊಂಡು ಕೂತಿತು.

‘ಇದು ಎಂತ ಮಾರಾಯ!’ ಅಂದರು ಹುಡುಗಿಯ ಅಪ್ಪ.

‘ಇದೇ ನೋಡಿ ನನ್ನ ಕೆಲಸ,’ ಅಂದ ಹುಡುಗ, ನೆಲದ ಮೇಲಿಂದಲೇ. ಆಮೇಲೆ ಅಮ್ಮನ ಕಡೆ ಒಂದು ಸಲ ನೋಡಿದ, ಲೋಟ ಕೆಳಗಿಟ್ಟ, ತನ್ನ ಬಾಯಿಗೆ ಕೈಹಾಕಿ ಎರಡು ಹಲ್ಲು ತೆಗೆದು ತೋರಿಸಿದ. ‘ಇದೂ ನಿಮಗೆ ಗೊತ್ತಿರಲಿ. ಒಂದು ಸಲ ಕೈ ತಡವಾಯಿತು, ಮುಖದಲ್ಲಿ ತಡೆದೆ. ಆ ಕಂಬಿಯ ಟೊಪ್ಪಿ ಕೊಟ್ಟದ್ದು ಅದಕ್ಕೇ.’

ಅವನಮ್ಮ ಕಣ್ಣು ಮುಚ್ಚಿಕೊಂಡಳು. ಮೂರನೆಯದ್ದೂ ಹೋಯಿತು ಅಂತ ನಾನೂ ಬೆಂಚಿನ ಮೇಲೆ ಕುಸಿದೆ. ಆಗ ಬಾಗಿಲ ಹತ್ತಿರದಿಂದ ನಗು ಕೇಳಿಸಿತು. ಹುಡುಗಿ ಕಂಬ ಹಿಡಿದುಕೊಂಡು ನಗುತ್ತಿದ್ದಳು, ನಿಲ್ಲಿಸಲಿಕ್ಕೇ ಆಗುತ್ತಿರಲಿಲ್ಲ.

‘ಅಪ್ಪಯ್ಯ, ನನಗೆ ಒಪ್ಪಿಗೆ,’ ಅಂದಳು. ‘ಅಜ್ಜಿಯ ಹಲ್ಲನ್ನೇ ಕೈಬಿಡದವರು ನನ್ನನ್ನು ಬಿಡುತ್ತಾರಾ?’

ಹುಡುಗಿಯ ಅಪ್ಪನೂ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, ‘ಆಯಿತು, ಹುಟ್ಟಿದಾಗಿನಿಂದ ನೋಡಿದವರು ನೀವು. ನೀವೇ ಒಂದು ಮಾತು ಹೇಳಿ, ಹುಡುಗ ಹೇಗೆ?’ ಅಂದರು.

ಎಪ್ಪತ್ತು ವರ್ಷಕ್ಕೆ ಮೊದಲ ಸಲ, ಒಬ್ಬರ ಬಗ್ಗೆ ಬರೀ ಒಳ್ಳೆಯದನ್ನೇ ಹೇಳಬೇಕು ಅಂತ ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು. ಹಲ್ಲು ಇನ್ನೂ ಅವನ ಕೈಯಲ್ಲೇ ಇತ್ತು.