ಮಾವನ ಡೀಸೆಲ್ ಇಂಜಿನ್ನೂ ನನ್ನ ಪಾಂಡಿತ್ಯವೂ

ನಮ್ಮ ಸೋದರಮಾವನ ಬೈಗುಳ ತಿನ್ನದ ಜೀವ ಕಮಲಾಪುರದಲ್ಲಿ ಒಂದೂ ಇರಲಿಲ್ಲ. ಇಡೀ ಊರಿನಲ್ಲಿ ಅವರು ಮರ್ಯಾದೆಯಿಂದ ಮಾತನಾಡಿಸುತ್ತಿದ್ದುದು ತಮ್ಮ ಬಾಳೆತೋಟದ ಬಾವಿಯ ಮೇಲಿದ್ದ ಡೀಸೆಲ್ ಇಂಜಿನ್ ಒಂದನ್ನೇ! ಮಹಾಯುದ್ಧದ ಕಾಲಕ್ಕೆ ಎಣ್ಣೆ ಸಿಗದಂತಾದಾಗ ಅದಕ್ಕೆ ಕಂಬಳಿ ಹೊದಿಸಿ, "ಸಾಹೇಬ್ರು ಮಲಗ್ಯಾರ. ಗದ್ದಲ ಮಾಡಿದ್ರ ಕುತ್ತಿಗಿ ಮುರೀತೀನಿ!" ಎಂದು ಕೋಳಿಗಳನ್ನು ಗದರಿಸಿದ್ದರಂತೆ.

ಆರು ವರ್ಷ ಕಳೆದವು. ಯುದ್ಧ ಮುಗಿದು ಎಣ್ಣೆ ಸಿಗತೊಡಗಿತು. ಅದೇ ಹೊತ್ತಿಗೆ, ಇಂಜಿನ್ನಿನ ಬದಲು ಬಾವಿಯಿಂದ ನೀರೆತ್ತುತ್ತಿದ್ದ ಜೋಡಿಯಲ್ಲಿ ಒಂದು ಎತ್ತು ಕಾಲು ಮುರಿದುಕೊಂಡಿತು. ಕೆಂಪು ಬಾಳೆ ಗೊನೆ ಹಾಕಿತ್ತು. ಇನ್ನೊಂದು ವಾರ ನೀರಿಲ್ಲದಿದ್ದರೆ ತೋಟ ಹೋದಂತೆಯೇ.

ಇದರಲ್ಲಿ ನಾನು ಹೇಗೆ ಸಿಕ್ಕಿಬಿದ್ದೆ ಎನ್ನುತ್ತೀರಾ? ನನ್ನ ಬಾಯಿಂದ! ಕಲಬುರಗಿಯ ಕೋಟೆ ಹತ್ತಿರದ ಕಚೇರಿಯಲ್ಲಿ ನಾನೊಬ್ಬ ಗುಮಾಸ್ತ. ಯಂತ್ರಗಳೊಡನೆ ನನ್ನ ಸಂಬಂಧವೆಂದರೆ ಹಿಟ್ಟಿನ ಗಿರಣಿಯ ಮುಂದೆ ಜೋಳದ ಬುಟ್ಟಿ ಹಿಡಿದು ನಿಂತದ್ದು, ಅಷ್ಟೇ. ಆದರೂ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತು, "ಇಂಜಿನ್ ಚಾಲೂ ಮಾಡೋದು ಏನ್ ದೊಡ್ಡ ಮಾತ್ರೀ? ಗಿರಣ್ಯಾಗ ನನ್ನ ಕೇಳೇ ಮಾಡ್ತಾರ" ಎಂದುಬಿಟ್ಟಿದ್ದೆ. ಹೋಳಿಗೆ ತಿಂದ ಬಾಯಿ, ಏನು ಮಾಡುವುದು!

ಮಾವ ನೇರ ಕಚೇರಿಗೇ ಬಂದರು. ನಮ್ಮ ಸಾಹೇಬರಿಗೆ ಸಲಾಮು ಹೇಳಿ, ಮನೆಯ ಹಿರಿಯರೊಬ್ಬರು ಕೈಕಾಲು ಬಿಗಿದು ಮಲಗಿದ್ದಾರೆ, ಇವನು ಬಂದು ಕೈ ಹಚ್ಚಿದರೆ ಎದ್ದಾರು ಎಂದು ಉರ್ದುವಿನಲ್ಲಿ ಅರಿಕೆ ಮಾಡಿದರು. ಎಷ್ಟು ದಿನದಿಂದ ಹೀಗೆ ಎಂದು ಸಾಹೇಬರು ಮರುಗಿದರು.

"ಆರು ವರ್ಷ, ಹುಜೂರ್!"

ಸಾಹೇಬರ ಕಣ್ಣು ಒದ್ದೆಯಾಯಿತು. ನನಗೆ ನಾಲ್ಕು ದಿನದ ರಜೆ! ಎಣ್ಣೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸಿನಲ್ಲಿ ಕುಳಿತೆ.

ಕಂಬಳಿ ತೆಗೆದು ನೋಡಿದರೆ ಇಂಜಿನ್ನಿನ ಗಾಲಿ ಅಲುಗಲೊಲ್ಲದು. ಜೋರಾಗಿ ತಿರುಗಿಸಿದರೆ ಸಾಕೆಂದು ಹ್ಯಾಂಡಲಿಗೆ ಜೋತುಬಿದ್ದೆ. ಕಟಕ್ ಎಂದಿತು. ಇಂಜಿನ್ ಅಲ್ಲ, ನನ್ನ ಸೊಂಟ! ಮಾವ ಶಲ್ಯ ಹೊದ್ದು ಹೊರಸಿನ ಮೇಲೆ ಕುಳಿತಲ್ಲಿಂದಲೇ, "ಆರು ವರ್ಷ ಮಲಗಿದವ್ರನ್ನ ಹಿಂಗ ಜಗ್ಗಿ ಎಬ್ಬಸ್ತಾರೇನೋ? ಒಳಗ ಸ್ವಲ್ಪ ಎಣ್ಣಿ ಬಿಟ್ಟು ಎರಡು ದಿನ ಸುಮ್ಮಕಿರು" ಎಂದರು. ಹಾಗೇ ಮಾಡಿದೆ. ಮೂರನೆಯ ದಿನ ಗಾಲಿ ನುಣ್ಣಗೆ ತಿರುಗಿತು.

"ಹಿಂಗ ಆಗ್ತದಂತ ನನಗ ಗೊತ್ತೇ ಇತ್ತು" ಎಂದೆ ನಾನು.

ಗಾಲಿ ತಿರುಗಿತೇ ಹೊರತು ಇಂಜಿನ್ ಉಸಿರೆತ್ತಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ತಿರುಗಿಸಿದೆ. ಅರ್ಧ ಊರು ಬೇಲಿಗೆ ಬಂದು ನಿಂತಿತು. ಕೊನೆಗೆ ಬೆವರೊರೆಸಿಕೊಂಡು, "ಇದರ ಆಯುಷ್ಯ ಮುಗದದ" ಎಂದು ತೀರ್ಪು ಕೊಟ್ಟೆ.

ಮಾವ ತಣ್ಣಗೆ ಕೇಳಿದರು: "ಎಣ್ಣಿ ನಳ ತೆರದೀಯೇನು?"

ತೆರೆದಿರಲಿಲ್ಲ! ಬೇಲಿಯಾಚೆ ಎದ್ದ ನಗೆಗೆ ಮರದ ಮೇಲಿನ ಕಾಗೆಗಳೂ ಹಾರಿಹೋದವು. ನಳ ತೆರೆದೆ. ಅವರು ಹೇಳಿದ ತಿರುಪು ಸಡಿಲಿಸಿ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಬಿಟ್ಟೆ. ಅವರು "ಹೂಂ" ಎಂದಾಗ ಹ್ಯಾಂಡಲ್ ತಿರುವಿದೆ. ಡುಬ್... ಡುಬ್... ಎಂದು ಕೆಮ್ಮಿ, ಮಸಿಯನ್ನೆಲ್ಲ ನನ್ನ ಮುಖಕ್ಕೆ ಉಗುಳಿ, ಇಂಜಿನ್ ಚಾಲೂ ಆಯಿತು! ಬಾವಿಯ ನೀರು ಕಾಲುವೆಗೆ ಧುಮುಕಿತು. ಮಾವ ಬೇಲಿಯ ಕಡೆ ತಿರುಗಿ, "ನೋಡ್ರೋ, ನಮ್ಮ ಅಳಿಯ ಚಾಲೂ ಮಾಡ್ದ!" ಎಂದು ಕೂಗಿದರು. ನಾನು ನಾಚಿಕೆಯಿಲ್ಲದೆ ಎದೆಯುಬ್ಬಿಸಿದೆ.

ಜನ ಚದುರಿದ ಮೇಲೆ ಕಾಲುವೆಯಲ್ಲಿ ಮುಖ ತೊಳೆಯುತ್ತಿದ್ದೆ. ಪಕ್ಕದಲ್ಲಿ ಮಾವ ಶಲ್ಯ ತೆಗೆದಿಟ್ಟು ಎಡಗೈಯೊಂದರಿಂದಲೇ ನೀರು ಮೊಗೆಯುತ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಯಾರೋ ಇಟ್ಟು ಮರೆತಂತೆ.

"ಮಾವಾ, ಕೈಗೆ ಏನಾಗ್ಯದ್ರಿ?"

"ಎತ್ತಾಕ ಬರವಲ್ದು. ಯುಗಾದಿಯಿಂದ ಹಿಂಗೇ ಅದ. ಊರಾಗ ಯಾರಿಗೂ ಹೇಳಿಲ್ಲ, ನೀನೂ ಹೇಳಬ್ಯಾಡ."

ಇಂಜಿನ್ನಿನ ನರನಾಡಿಯೆಲ್ಲ ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಒಂದು ಕೈ ಮಾತ್ರ.

"ನನಗ ಮೊದಲೇ ಹೇಳಬಾರದೇನ್ರಿ?"

"ಹೇಳಿದ್ರ ಅಳಕೋತ ಬರ್ತಿದ್ದಿ. ಈಗ ನೋಡು, ಶಾಣ್ಯಾನಂಗ ಬಂದಿ."

ಆ ಬಲಗೈಯನ್ನು ಎತ್ತಿ ನೀರಿಗೆ ಹಿಡಿದೆ. ಒಂದೊಂದೇ ಬೆರಳು ಬಿಡಿಸಿ ತೊಳೆದೆ. ಮಾವ ಮುಖ ತಿರುಗಿಸಿ, ನೀರು ಬಾಳೆಯ ಬುಡ ಮುಟ್ಟುವುದನ್ನೇ ನೋಡುತ್ತ ಕುಳಿತರು. ಸಾಕೆಂದು ಅವರು ಹೇಳಲಿಲ್ಲ, ನಾನೂ ಬಿಡಲಿಲ್ಲ.